ತಟ್ಟೆ ಬೇರೆ ಇಡಬೇಕೇ?

ನಮ್ಮ ಅಜ್ಜಿಮನೆಯ ಹಿತ್ತಿಲ ಕೊಟ್ಟಿಗೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆಯೂ ಒಂದು ಲೋಟವೂ ಬಹಳ ವರ್ಷ ಇದ್ದವು. ಮುಟ್ಟಬೇಡಿ ಎಂದು ಯಾರೂ ಗದರಿದ್ದಿಲ್ಲ. ಆದರೂ ಮಕ್ಕಳಾದ ನಾವು ಮುಟ್ಟುತ್ತಿರಲಿಲ್ಲ. ಅವು ಅಜ್ಜಿಯ ತಮ್ಮನವು. ಕೆಮ್ಮಿ ಕೆಮ್ಮಿ ಸೊರಗಿ, ಮೂವತ್ತು ತುಂಬುವ ಮೊದಲೇ ಹೋದವರು. ಕಡೆಯ ಒಂದು ವರ್ಷ ಅವರಿಗೆ ಜಗಲಿಯ ಮೂಲೆಯಲ್ಲಿ ಊಟ. ಸೌಟು ತಟ್ಟೆಗೆ ತಾಗದ ಹಾಗೆ ಮೇಲಿನಿಂದಲೇ ಬಡಿಸುತ್ತಿದ್ದರಂತೆ. ಅದನ್ನು ಹೇಳುವಾಗೆಲ್ಲ ಅಜ್ಜಿಯ ಗಂಟಲು ಕಟ್ಟುತ್ತಿತ್ತು. ಅವರು ಹೇಳಿದ್ದ ಇನ್ನೊಂದು ಮಾತಿನ ಅರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ರಾತ್ರಿ ಮಾತ್ರ ತಮ್ಮನನ್ನು ನಡುಮನೆಯಲ್ಲಿ ಎಲ್ಲರ ಜೊತೆಗೇ ಮಲಗಿಸುತ್ತಿದ್ದರು, ಎದೆಗೆ ಥಂಡಿ ತಾಗದಿರಲಿ ಎಂದು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ.

ಆ ಮನೆಯವರು ಹೆದರಿದ್ದು ತಟ್ಟೆಗೆ. ರೋಗ ಹರಡುವ ದಾರಿ ಇದ್ದದ್ದು ಆ ಮುಚ್ಚಿದ ನಡುಮನೆಯಲ್ಲಿ.

ಕಫ ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂದ ದಿನ ಮನೆಮಂದಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇಂದಿಗೂ ಇದು ಇದ್ದೇ ಇರುತ್ತದೆ: ‘ತಟ್ಟೆ ಲೋಟ ಬೇರೆ ಇಡಬೇಕೇನಮ್ಮ?’ ವೈದ್ಯರ ಮುಂದೆ ಬಾಯಿ ಬಾರದೆ, ಹೊರಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯ ಹತ್ತಿರ ದನಿ ತಗ್ಗಿಸಿ ಕೇಳುವ ಪ್ರಶ್ನೆ. ಬೇಡ ಎಂಬುದೇ ಉತ್ತರ. ತಟ್ಟೆ, ಬಟ್ಟೆ, ಹಾಸಿಗೆ, ಬಚ್ಚಲುಮನೆ ಇವುಗಳಿಂದ ಕ್ಷಯ ಅಂಟುವುದಿಲ್ಲ. ಮುಟ್ಟಿದರೆ, ಪಕ್ಕದಲ್ಲಿ ಕೂತು ಉಂಡರೆ ಬರುವುದಿಲ್ಲ. ಅದು ಬರುವುದು ಗಾಳಿಯಲ್ಲಿ.

ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದ ಪ್ರಯೋಗ ನಡೆದದ್ದು 1950ರ ದಶಕದಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಒಂದು ಆಸ್ಪತ್ರೆಯಲ್ಲಿ. ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ಎಂಬ ವಿಜ್ಞಾನಿಗಳು ಆರು ಹಾಸಿಗೆಗಳ ಒಂದು ಕ್ಷಯದ ವಾರ್ಡನ್ನು ಆರಿಸಿಕೊಂಡು, ಅಲ್ಲಿನ ಗಾಳಿಯನ್ನು ಕೊಳವೆಗಳ ಮೂಲಕ ಮೇಲಕ್ಕೆಳೆದು ಗಿನಿಪಿಗ್‌ಗಳನ್ನು ಸಾಕಿದ್ದ ಕೋಣೆಗೆ ಬಿಟ್ಟರು. ಆ ಪುಟ್ಟ ಪ್ರಾಣಿಗಳು ರೋಗಿಗಳನ್ನು ಕಂಡಿರಲಿಲ್ಲ, ಅವರು ಮುಟ್ಟಿದ ಯಾವುದನ್ನೂ ಮುಟ್ಟಿರಲಿಲ್ಲ. ಅವು ಉಸಿರಾಡಿದ್ದು ಆ ಗಾಳಿಯನ್ನು, ಅಷ್ಟೆ. ತಿಂಗಳು ಕಳೆದಂತೆ ಒಂದೊಂದಕ್ಕೇ ಸೋಂಕು ತಗಲುತ್ತಾ ಹೋಯಿತು. ಅದೇ ವಾರ್ಡಿನ ಗಾಳಿಯನ್ನು ನೇರಳಾತೀತ ಬೆಳಕಿನಲ್ಲಿ ಹಾಯಿಸಿ ಇನ್ನೊಂದು ಕೋಣೆಗೆ ಬಿಟ್ಟರು. ಅಲ್ಲಿದ್ದ ಪ್ರಾಣಿಗಳು ಸೋಂಕಿಲ್ಲದೆ ಉಳಿದವು. ಇನ್ನೊಂದು ಸಂಗತಿಯೂ ಅಲ್ಲಿ ತಿಳಿಯಿತು. ಸರಿಯಾದ ಔಷಧಿ ಶುರುವಾಗಿದ್ದ ರೋಗಿಗಳಿಂದ ಸೋಂಕು ಹರಡುವುದು ತೀರಾ ಕಡಿಮೆಯಾಗಿತ್ತು.

ಕೆಮ್ಮಿದಾಗ, ಗಟ್ಟಿಯಾಗಿ ಮಾತಾಡಿದಾಗ, ಹಾಡಿದಾಗ ಬಾಯಿಂದ ಸಣ್ಣ ಹನಿಗಳು ಸಿಡಿಯುತ್ತವೆ. ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ. ತೀರಾ ಚಿಕ್ಕವು ಗಾಳಿಯಲ್ಲೇ ಒಣಗಿ, ಒಂದರಿಂದ ಐದು ಮೈಕ್ರಾನ್ ಗಾತ್ರದ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಮೂಗಿನ ಕೂದಲು, ಗಂಟಲಿನ ಲೋಳೆ ಇವನ್ನೆಲ್ಲ ತಪ್ಪಿಸಿಕೊಂಡು ಶ್ವಾಸಕೋಶದ ತುತ್ತತುದಿಯ ಗಾಳಿಚೀಲದವರೆಗೆ ಇಳಿಯಲು ಆ ಗಾತ್ರವೇ ತಕ್ಕದ್ದು. ತಟ್ಟೆಗೋ ಬಟ್ಟೆಗೋ ಅಂಟಿ ಕೂತ ರೋಗಾಣು ಮತ್ತೆ ಎದ್ದು ಅಷ್ಟು ಸಣ್ಣ ಕಣವಾಗಿ ಹಾರಲಾರದು. ಬಿಸಿಲು ಅದನ್ನು ಕೊಲ್ಲುತ್ತದೆ, ತೇಲುವ ಕಣಗಳನ್ನು ಬೀಸುವ ಗಾಳಿ ಚದುರಿಸಿಬಿಡುತ್ತದೆ. ಹಾಗಾಗಿ ಕೆಮ್ಮುವವರು ಮೊದಲ ಕೆಲವು ವಾರ ಬಾಯಿಗೆ ಮಾಸ್ಕ್ ಹಾಕಿಕೊಳ್ಳಲಿ, ಇಲ್ಲವೇ ಸೆರಗು, ವಲ್ಲಿ ಅಡ್ಡ ಹಿಡಿಯಲಿ. ಗಾಳಿಯಾಡುವ ಕಡೆ ಮಲಗಲಿ. ಕಿಟಕಿ ತೆರೆದಿರಲಿ. ಊಟಕ್ಕೆ ಎಲ್ಲರ ಜೊತೆಗೇ ಕೂರಲಿ.

1882ರ ಮಾರ್ಚ್ 24ರ ಸಂಜೆ ಬರ್ಲಿನ್‌ನ ಒಂದು ಸಣ್ಣ ಸಭೆಯಲ್ಲಿ ರಾಬರ್ಟ್ ಕಾಕ್ ಈ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಮನುಷ್ಯರ ಏಳು ಸಾವುಗಳಲ್ಲಿ ಒಂದು ಕ್ಷಯದ್ದು ಎಂದು ಅವರು ಅಂದು ಹೇಳಿದರು. ಆವರೆಗೆ ಬಹಳ ಮಂದಿ ಇದನ್ನು ವಂಶದ ರೋಗ ಎಂದೇ ನಂಬಿದ್ದರು. ತಾಯಿಗೆ ಬಂದದ್ದು ಮಗಳಿಗೆ, ಅಣ್ಣನಿಗೆ ಬಂದದ್ದು ತಮ್ಮನಿಗೆ ಬರುವುದನ್ನು ಕಣ್ಣಾರೆ ಕಂಡವರಿಗೆ ಹಾಗನ್ನಿಸಿದ್ದು ಸಹಜ. ಒಂದೇ ಸೂರಿನ ಕೆಳಗೆ ಒಂದೇ ಗಾಳಿ ಉಸಿರಾಡಿದ್ದೇ ಅದಕ್ಕೆ ಕಾರಣ ಎಂದು ಹೊಳೆಯಲು ರೋಗಾಣು ಕಣ್ಣಿಗೆ ಬೀಳಬೇಕಾಯಿತು. ಆದರೆ ಕಂಡದ್ದೇ ಮದ್ದಾಗಲಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ನಮ್ಮ ಮುದ್ದಣ, 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಮೂವತ್ತೊಂದು ವರ್ಷ. ರೋಗಾಣು ಪತ್ತೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅದನ್ನು ಕೊಲ್ಲುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಡುವಿನ ಆ ಅರವತ್ತು ವರ್ಷಗಳಲ್ಲಿ ರೋಗದ ಹೆಸರು ಗೊತ್ತಿದ್ದೂ ಕೈಕಟ್ಟಿ ಕೂತ ವೈದ್ಯರ ಸಂಕಟವನ್ನು ನೆನೆಯುತ್ತೇನೆ. ಇಂದಿಗೂ ನಮ್ಮ ವೈದ್ಯರು ರೋಗಿಯ ಮುಂದೆ ಟಿ.ಬಿ. ಎನ್ನಲು ಹಿಂಜರಿದು ‘ಕಾಕ್ಸ್’ ಎಂದು ಬರೆಯುವುದುಂಟು. ರೋಗವನ್ನು ಬೆಳಕಿಗೆ ತಂದವರ ಹೆಸರು ರೋಗವನ್ನು ಮರೆಮಾಡುವ ಪದವಾದದ್ದು ನನಗೆ ನೋವಿನ ಸಂಗತಿ.

ಕ್ಷಯದ ರೋಗಾಣುವಿಗೆ ಅವಸರವಿಲ್ಲ. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಇದಕ್ಕೆ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ ಬೇಕು. ಮೈಗೆ ಮೇಣದಂಥ ದಪ್ಪ ಹೊದಿಕೆ. ಬಣ್ಣವೂ ಸುಲಭವಾಗಿ ಹತ್ತದು, ಹತ್ತಿದ ಮೇಲೆ ಆಮ್ಲದಲ್ಲಿ ತೊಳೆದರೂ ಬಿಡದು. ಪ್ರಯೋಗಾಲಯದಲ್ಲಿ ಕಫವನ್ನು ಗಾಜಿನ ಪಟ್ಟಿಗೆ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮ್ಲದಲ್ಲಿ ತೊಳೆದು, ನೀಲಿ ಹಾಕಿ ನೋಡುವುದು ಇದೇ ಗುಣವನ್ನು ನಂಬಿಕೊಂಡು. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಅವೇ. ಈ ರೋಗದಲ್ಲಿ ಜನರನ್ನು ಕಂಗೆಡಿಸುವ ಎಷ್ಟೋ ಸಂಗತಿಗಳು ಈ ನಿಧಾನದಿಂದ ಹುಟ್ಟಿದವು. ಜ್ವರ ಒಮ್ಮೆಗೇ ಏರುವುದಿಲ್ಲ, ಸಂಜೆ ಸಂಜೆ ಸಣ್ಣಗೆ ಬರುತ್ತದೆ. ತೂಕ ತಿಂಗಳುಗಳಲ್ಲಿ ಇಳಿಯುತ್ತದೆ. ರವಿಕೆ ಸಡಿಲವಾದದ್ದು, ಬೆಲ್ಟಿಗೆ ಇನ್ನೊಂದು ತೂತು ಬೇಕಾದದ್ದು ತಟ್ಟನೆ ಗಮನಕ್ಕೆ ಬರುವುದಿಲ್ಲ.

‘ಯಾರಿಂದ ಬಂತು?’ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದೂ ಇದರಿಂದಲೇ. ಗಾಳಿಯಲ್ಲಿ ಬಂದ ರೋಗಾಣುವನ್ನು ಶ್ವಾಸಕೋಶದ ಕಾವಲು ಕೋಶಗಳು ನುಂಗುತ್ತವೆ. ನುಂಗಿದ ಮೇಲೂ ಅದು ಸಾಯದೆ ಒಳಗೇ ಇದ್ದುಬಿಡಬಹುದು. ಆಗ ದೇಹ ಅದರ ಸುತ್ತ ಕೋಶಗಳ ಕೋಟೆ ಕಟ್ಟಿ ಬಂಧಿಸುತ್ತದೆ. ಹೀಗೆ ಬಂಧಿಯಾದ ರೋಗಾಣುವನ್ನು ಹೊತ್ತಿರುವವರು ಲೋಕದ ಜನಸಂಖ್ಯೆಯ ಸುಮಾರು ಕಾಲು ಭಾಗ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರು ರೋಗಿಗಳಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವನದ ಯಾವುದೋ ಹಂತದಲ್ಲಿ ಕೋಟೆ ಒಡೆಯುತ್ತದೆ. ಕೆಲವರಿಗೆ ಮೊದಲೆರಡು ವರ್ಷದಲ್ಲಿ, ಕೆಲವರಿಗೆ ಮೂವತ್ತು ವರ್ಷದ ಮೇಲೆ. ಹಾಗಿರುವಾಗ ಇಂಥವರಿಂದಲೇ ಬಂತು ಎಂದು ಸೊಸೆಯ ಕಡೆಗೋ ಬಾಡಿಗೆಯವರ ಕಡೆಗೋ ಬೆರಳು ತೋರಿಸುವುದಕ್ಕೆ ಆಧಾರವಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಕೋಟೆ ಒಡೆದದ್ದೇಕೆ? ಎಚ್.ಐ.ವಿ. ಸೋಂಕು ಅದನ್ನು ಒಳಗಿನಿಂದ ಕುಸಿಯುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಂಭವ ಎರಡು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು, ಹೆಂಡ ಕೂಡ ಅದರ ಜೊತೆಗಾರರು. ಕಲ್ಲು ಒಡೆಯುವವರ, ಕೊರೆಯುವವರ ಎದೆಯಲ್ಲಿ ಕೂರುವ ಸಿಲಿಕಾ ದೂಳು ಕಾವಲು ಕೋಶಗಳನ್ನೇ ಕೊಲ್ಲುತ್ತದೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಆ ದೂಳಿನ ಬೆಲೆ ತೆತ್ತವರು. ಈ ಎಲ್ಲಕ್ಕಿಂತ ನಮ್ಮ ದೇಶದಲ್ಲಿ ದೊಡ್ಡದು, ಎಲ್ಲಕ್ಕಿಂತ ಕಡಿಮೆ ಮಾತಾಡಿದ್ದು ಹಸಿವು. ಅದಕ್ಕೆ ಮುಂದೆ ಬರುತ್ತೇನೆ.

ಕೆಮ್ಮಿದರೂ ಜನ ಆಸ್ಪತ್ರೆಗೆ ಬರುವುದಿಲ್ಲ, ಅವರಿಗೆ ತಿಳಿವಳಿಕೆ ಇಲ್ಲ ಎಂಬ ದೂರು ಹಳೆಯದು. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ, ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಗಿತ್ತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಒಂದು ಸರಳ ಕೆಲಸ ಮಾಡಿದರು. ಹಳ್ಳಿಗಳಲ್ಲಿ ಎಕ್ಸ್-ರೇ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳ ಮನೆಗೆ ಹೋಗಿ, ಅವರ ಕಷ್ಟವನ್ನು ಅವರ ಬಾಯಿಂದಲೇ ಕೇಳಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶವನ್ನು ಈಗ ಓದಿದರೂ ನಾಚಿಕೆಯಾಗುತ್ತದೆ. ತಮಗೆ ಏನೋ ಆಗಿದೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತಿತ್ತು. ಹೆಚ್ಚಿನವರು ಅದರ ಚಿಂತೆಯಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಊರವರು ತಮ್ಮ ಕೆಲಸ ಮಾಡಿದ್ದರು, ಆಸ್ಪತ್ರೆ ತನ್ನ ಕೆಲಸ ಮಾಡಿರಲಿಲ್ಲ. ಕ್ಷಯವನ್ನು ಸ್ಯಾನಟೋರಿಯಂ ಎಂಬ ದೂರದ ಕ್ಷಯಧಾಮಗಳಿಗೆ ಬಿಡದೆ ಸಾಮಾನ್ಯ ಆಸ್ಪತ್ರೆಗಳಲ್ಲೇ, ಕೆಮ್ಮುತ್ತಾ ಬಂದವರ ಕಫ ನೋಡಿ ಪತ್ತೆಹಚ್ಚಬೇಕು ಎಂದು 1962ರ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡದ್ದರ ಹಿಂದೆ ಈ ಸಂಸ್ಥೆಯ ಇಂಥ ಕೆಲಸಗಳಿದ್ದವು.

ಅರವತ್ತು ವರ್ಷವಾದರೂ ಆ ಕೆಮ್ಮಿನ ಸೀಸೆ ಹೋಗಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಹಸಿವಿಲ್ಲದಿರುವುದು, ಕಫದಲ್ಲಿ ರಕ್ತ – ಇವುಗಳಲ್ಲಿ ಯಾವುದೊಂದು ಇದ್ದರೂ ‘ಕಫ ಪರೀಕ್ಷೆ ಮಾಡಿ’ ಎಂದು ಕೇಳಿ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣದಷ್ಟು ಕಡಿಮೆ ರೋಗಾಣು ಇದ್ದರೂ ಅದರ ಡಿ.ಎನ್.ಎ. ಹಿಡಿಯುವ ಯಂತ್ರಗಳು ಈಗ ಬಂದಿವೆ. ಅವುಗಳಲ್ಲಿ ಒಂದಾದ ಟ್ರೂನ್ಯಾಟ್ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಬ್ಯಾಟರಿಯಲ್ಲೂ ನಡೆಯುವುದರಿಂದ ಕರೆಂಟು ಹೋಗಿ ಬರುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಅದು ಸಲ್ಲುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ರೋಗಾಣು ಇದೆಯೇ ಎಂಬುದರ ಜೊತೆಗೆ ಅದು ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂಬುದನ್ನೂ ಅದು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ.

ಕ್ಷಯ ಎಂದರೆ ಶ್ವಾಸಕೋಶ ಮಾತ್ರ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕತ್ತಿನ ಗಂಟು, ಬೆನ್ನೆಲುಬು, ಮಿದುಳಿನ ಹೊದಿಕೆ, ಕರುಳು, ಗರ್ಭಕೋಶ ಎಲ್ಲಿ ಬೇಕಾದರೂ ಅದು ನೆಲೆಸಬಹುದು. ಮಕ್ಕಳಾಗಲಿಲ್ಲ ಎಂದು ವರ್ಷಗಟ್ಟಲೆ ಹರಕೆ ಹೊತ್ತ ಹೆಣ್ಣುಮಗಳ ಗರ್ಭನಾಳದಲ್ಲಿ ಕ್ಷಯ ಸದ್ದಿಲ್ಲದೆ ಕೂತಿರುವುದೂ ಉಂಟು. ಶ್ವಾಸಕೋಶ, ಗಂಟಲು ಬಿಟ್ಟು ಬೇರೆಡೆ ಬಂದ ಕ್ಷಯ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ‘ಆರು ತಿಂಗಳು ಯಾಕೆ? ಎರಡೇ ತಿಂಗಳಿಗೆ ಮೈ ಚೆನ್ನಾಗಿ ಆಯಿತಲ್ಲ?’

ಇದಕ್ಕೆ ಉತ್ತರ ಕೊಡಲು ಸ್ಟ್ರೆಪ್ಟೊಮೈಸಿನ್‌ನ ಕಥೆಗೆ ಹೋಗಬೇಕು. ಬ್ರಿಟನ್ನಿನಲ್ಲಿ ಅದನ್ನು ಶಿಸ್ತಿನಿಂದ ಪರೀಕ್ಷಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ರೋಗಿಗಳು ಎದ್ದು ಕೂತರು, ಜ್ವರ ಇಳಿಯಿತು. ಆಮೇಲೆ ಹಲವರು ಮತ್ತೆ ಮಲಗಿದರು. ಔಷಧಿಗೆ ಜಗ್ಗದ ರೋಗಾಣುಗಳು ಬಹುಪಾಲು ಮಂದಿಯಲ್ಲಿ ಬೆಳೆದಿದ್ದವು. ಕಾರಣ ಲೆಕ್ಕದಲ್ಲಿದೆ. ಶ್ವಾಸಕೋಶದಲ್ಲಿ ಬಿದ್ದ ಒಂದು ತೂತಿನ ಗೋಡೆಯಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಅವುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಐಸೊನಿಯಾಜಿಡ್ ಎಂಬ ಔಷಧಿಗೆ ಹುಟ್ಟಿನಿಂದಲೇ ಜಗ್ಗದ್ದು. ಸುಮಾರು ಹತ್ತು ಕೋಟಿಗೊಂದು ರಿಫಾಂಪಿಸಿನ್‌ಗೆ ಜಗ್ಗದ್ದು. ಒಂದೇ ಔಷಧಿ ಕೊಟ್ಟರೆ ಉಳಿದದ್ದೆಲ್ಲ ಸತ್ತು, ಆ ಮೊಂಡು ಸಂತತಿ ಖಾಲಿಯಾದ ಹೊಲದಲ್ಲಿ ಕಳೆಯಂತೆ ಹಬ್ಬುತ್ತದೆ. ಎರಡಕ್ಕೂ ಜಗ್ಗದ ರೋಗಾಣು ಹುಟ್ಟಬೇಕಾದರೆ ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸಿದಷ್ಟರಲ್ಲಿ ಒಂದು. ಅಷ್ಟು ರೋಗಾಣುಗಳು ಯಾರ ಎದೆಯಲ್ಲೂ ಇರುವುದಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಕೊಡುವ ಈಗಿನ ಕ್ರಮದ ಬುನಾದಿ ಈ ಗುಣಾಕಾರ.

ಹಾಗಾದರೆ ಅಷ್ಟು ದೀರ್ಘಕಾಲ ಯಾಕೆ? ಬೆಳೆಯುತ್ತಿರುವ ರೋಗಾಣುಗಳು ಮೊದಲ ಕೆಲವು ವಾರಗಳಲ್ಲೇ ಸಾಯುತ್ತವೆ. ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ, ಮುಖ ತುಂಬಿಕೊಳ್ಳುತ್ತದೆ. ಆದರೆ ಒಂದು ಪಾಲು ರೋಗಾಣು ಬೆಳೆಯುವುದನ್ನೇ ನಿಲ್ಲಿಸಿ ನಿದ್ದೆ ಹೋಗಿರುತ್ತದೆ. ಬೆಳೆಯುವಾಗ ಗೋಡೆ ಕಟ್ಟುವುದನ್ನು ತಡೆಯುವ ಔಷಧಿಗೆ, ಗೋಡೆಯನ್ನೇ ಕಟ್ಟದೆ ಮಲಗಿದ ಜೀವಿ ಸಿಗುವುದಿಲ್ಲ. ಅದು ಅರೆಕ್ಷಣ ಕಣ್ಣು ಬಿಟ್ಟಾಗ ಔಷಧಿ ಅಲ್ಲಿ ಇರಬೇಕು. ಯಾವತ್ತು ಕಣ್ಣು ಬಿಡುತ್ತದೋ ತಿಳಿಯದ್ದರಿಂದ ಪ್ರತಿದಿನ ಇರಬೇಕು. ಎರಡನೆಯ ತಿಂಗಳಿಗೆ ಮಾತ್ರೆ ಬಿಟ್ಟವರಲ್ಲಿ ಮೂರ್ನಾಲ್ಕು ತಿಂಗಳ ಮೇಲೆ ರೋಗ ಮರಳುವುದು ಈ ಮಲಗಿದವುಗಳಿಂದ. ಕೂಲಿಗೆ ಹೋಗುವವರು ಎರಡನೆಯ ತಿಂಗಳಲ್ಲೇ ಮಾತ್ರೆ ಬಿಡುವುದು ಬೇಜವಾಬ್ದಾರಿಯಿಂದ ಎಂದು ಬೈಯುವುದನ್ನು ನಾನು ಒಪ್ಪುವುದಿಲ್ಲ. ಮೈಯಲ್ಲಿ ಶಕ್ತಿ ಬಂದ ದಿನ ಅವರು ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ. ಮಾತ್ರೆ ಹಳೆಯ ಊರಿನ ಕೇಂದ್ರದಲ್ಲಿ ಉಳಿಯುತ್ತದೆ. ಬೇರೆ ಊರಿಗೆ ಹೋಗುವುದಾದರೆ ಮೊದಲೇ ಹೇಳಿದರೆ ಚಿಕಿತ್ಸೆಯನ್ನು ಅಲ್ಲಿಗೇ ವರ್ಗಾಯಿಸುವ ವ್ಯವಸ್ಥೆ ಇದೆ. ಈ ಮಾತನ್ನು ಮೊದಲ ದಿನವೇ ಅವರ ಕಿವಿಗೆ ಹಾಕಬೇಕು.

ಮಾತ್ರೆ ಶುರು ಮಾಡಿದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ರಿಫಾಂಪಿಸಿನ್‌ನ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ, ಬಣ್ಣ ಗುರುತಿಸಲು ಕಷ್ಟವಾದರೆ ಮಾತ್ರ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಪಾದ ಜುಮುಗುಟ್ಟುವುದಕ್ಕೆ ಬಿ6 ವಿಟಮಿನ್ ಕೊಡುತ್ತಾರೆ. ಗರ್ಭನಿರೋಧಕ ಮಾತ್ರೆಯ ಬಲವನ್ನು ರಿಫಾಂಪಿಸಿನ್ ಕುಗ್ಗಿಸುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವವರು ಕಡಿಮೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ರಿಫಾಂಪಿಸಿನ್‌ಗೂ ಐಸೊನಿಯಾಜಿಡ್‌ಗೂ ಜಗ್ಗದ ಕ್ಷಯಕ್ಕೆ ಹಿಂದೆ ಎರಡು ವರ್ಷದವರೆಗೆ ಚಿಕಿತ್ಸೆ ನಡೆಯುತ್ತಿತ್ತು. ತಿಂಗಳುಗಟ್ಟಲೆ ಕೊಡುತ್ತಿದ್ದ ಚುಚ್ಚುಮದ್ದಿನಿಂದ ಎಷ್ಟೋ ಜನ ಕಿವಿ ಕಳೆದುಕೊಂಡರು. ಬೆಡಾಕ್ವಿಲಿನ್ ಎಂಬ ಮಾತ್ರೆ ಬಂದ ಮೇಲೆ ಅದೂ ಬದಲಾಗಿದೆ. ಆರು ತಿಂಗಳಲ್ಲಿ ಬರೀ ಮಾತ್ರೆಯಿಂದ ಮುಗಿಸುವ ಹೊಸ ಕ್ರಮಕ್ಕೆ 2024ರಲ್ಲಿ ಭಾರತ ಒಪ್ಪಿಗೆ ಕೊಟ್ಟಿತು.

ಬಿಸಿಜಿ ಹಾಕಿಸಿದ್ದೇವಲ್ಲ ಎಂದು ಕೇಳುವವರಿಗೆ ಚಿಕ್ಕ ಉತ್ತರ. 1921ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕೊಟ್ಟ ಈ ಲಸಿಕೆ ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಿಂದ, ಮೈತುಂಬ ಹರಡುವ ಕ್ಷಯದಿಂದ ಕಾಯುತ್ತದೆ. ದೊಡ್ಡವರ ಶ್ವಾಸಕೋಶವನ್ನು ಅದು ಕಾಯುವುದಿಲ್ಲ ಎಂದು 1968ರಿಂದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಲಕ್ಷಾಂತರ ಜನರ ಮೇಲೆ ನಡೆದ ಅಧ್ಯಯನ ತೋರಿಸಿತು.

ಈಗ ಮತ್ತೆ ತಟ್ಟೆಗೆ ಬರುತ್ತೇನೆ.

ಔಷಧಿ ಬರುವ ಮುನ್ನ ಸ್ಯಾನಟೋರಿಯಂ ಒಂದೇ ಗತಿ. ಬೆಟ್ಟದ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ಔಷಧಿ ಬಂದ ಮೇಲೂ ಆಸ್ಪತ್ರೆಯಲ್ಲಿ ಮಲಗದೆ ಗುಣವಾಗುವುದಿಲ್ಲ ಎಂದೇ ವೈದ್ಯರು ನಂಬಿದ್ದರು. ಭಾರತದಲ್ಲಿ ಅಷ್ಟು ಹಾಸಿಗೆಗಳಿರಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಚಿಕಿತ್ಸಾ ಕೇಂದ್ರದಲ್ಲಿ ವ್ಯಾಲೆಸ್ ಫಾಕ್ಸ್ ಮತ್ತು ಸಂಗಡಿಗರು ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಒಂದು ವರ್ಷ ಸ್ಯಾನಟೋರಿಯಂನಲ್ಲಿ, ಇನ್ನೊಂದು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ. ಔಷಧಿ ಇಬ್ಬರಿಗೂ ಒಂದೇ. 1959ರಲ್ಲಿ ಫಲಿತಾಂಶ ಬಂದಾಗ ಲೋಕವೇ ಬೆರಗಾಯಿತು. ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿದ್ದವರ ಬಂಧುಗಳಿಗೆ ರೋಗ ಹೆಚ್ಚು ಹರಡಲೂ ಇಲ್ಲ. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದ್ದರಲ್ಲಿ ಮದ್ರಾಸಿನ ಆ ಕೊಠಡಿಗಳ ಪಾಲು ದೊಡ್ಡದು. ಕೋಟ್ಯಂತರ ಜನ ಮನೆಮಕ್ಕಳ ನಡುವೆಯೇ ಇದ್ದು ಗುಣವಾಗುವ ದಾರಿ ಅಲ್ಲಿ ತೆರೆಯಿತು.

ಆದರೆ ಅದರಿಂದ ಇನ್ನೊಂದು ತೀರ್ಮಾನವೂ ಹುಟ್ಟಿತು. ಸ್ಯಾನಟೋರಿಯಂನವರು ಚೆನ್ನಾಗಿ ಉಂಡು ಹೆಚ್ಚು ತೂಕ ಪಡೆದಿದ್ದರೂ ಗುಣವಾಗುವುದರಲ್ಲಿ ವ್ಯತ್ಯಾಸವಾಗಲಿಲ್ಲ, ಆದ್ದರಿಂದ ಆಹಾರ ಮುಖ್ಯವಲ್ಲ ಎಂಬ ತೀರ್ಮಾನ. ಮುಂದಿನ ಹಲವು ದಶಕ ಕ್ಷಯದ ಕಾರ್ಯಕ್ರಮದಲ್ಲಿ ಮಾತ್ರೆಯ ಲೆಕ್ಕ ಇತ್ತು, ಅನ್ನದ ಲೆಕ್ಕ ಇರಲಿಲ್ಲ. ರೋಗಾಣುವನ್ನು ಕೊಲ್ಲುವುದು ಮಾತ್ರೆ, ನಿಜ. ಯಾರು ರೋಗಿಯಾಗುತ್ತಾರೆ, ಮೊದಲ ತಿಂಗಳುಗಳನ್ನು ದಾಟಿ ಯಾರು ಬದುಕುತ್ತಾರೆ ಎಂಬ ಪ್ರಶ್ನೆಗಳನ್ನು ಆ ಅಧ್ಯಯನ ಕೇಳಿರಲೇ ಇಲ್ಲ. ಅದಕ್ಕೂ ಮೊದಲು ಇಂಗ್ಲೆಂಡಿನ ಪ್ಯಾಪ್‌ವರ್ತ್ ಎಂಬಲ್ಲಿ ಕ್ಷಯ ರೋಗಿಗಳಿಗೆಂದೇ ಕಟ್ಟಿದ ಹಳ್ಳಿಯಲ್ಲಿ ಕುಟುಂಬಗಳಿಗೆ ಮನೆ, ಕೆಲಸ, ಹೊಟ್ಟೆತುಂಬ ಊಟ ಸಿಗುತ್ತಿತ್ತು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಸೋಂಕು ತಗಲಿದರೂ ರೋಗ ಬಂದದ್ದು ತೀರಾ ಅಪರೂಪ. ಔಷಧಿಗಳ ಗದ್ದಲದಲ್ಲಿ ಜಗತ್ತು ಅದನ್ನು ಮರೆಯಿತು.

ಅದನ್ನು ಮತ್ತೆ ಎತ್ತಿ ತೋರಿಸಿದವರಲ್ಲಿ ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಖ್ಯರು. ಮಧ್ಯಭಾರತದ ಹಳ್ಳಿಗಳ ಕ್ಷಯ ರೋಗಿಗಳ ಬಗ್ಗೆ 2013ರಲ್ಲಿ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಪ್ರಕಟಿಸಿದ ಅಂಕಿಗಳಲ್ಲಿ, ಗಂಡಸರ ಮಧ್ಯಮ ತೂಕ ಸುಮಾರು 42 ಕಿಲೋ, ಹೆಂಗಸರದು 34 ಕಿಲೋ. ಮೂವತ್ತನಾಲ್ಕು ಕಿಲೋ ತೂಗುವ ದೊಡ್ಡ ಹೆಂಗಸನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ದಕ್ಷನ ಶಾಪದಿಂದ ದಿನಕ್ಕೊಂದು ಕಲೆ ಕಳೆದುಕೊಳ್ಳುತ್ತಾ ಸವೆಯುವ ಚಂದ್ರನ ಕಥೆಯನ್ನು ಈ ರೋಗಕ್ಕೆ ಜೋಡಿಸಿದ ನಮ್ಮ ಹಿರಿಯರು ಸವೆತವನ್ನು ಸರಿಯಾಗಿಯೇ ಕಂಡಿದ್ದರು. ಆದರೆ ಈ ಹೆಂಗಸು ಸವೆಯತೊಡಗಿದ್ದು ರೋಗ ಬರುವುದಕ್ಕೂ ಎಷ್ಟೋ ಮೊದಲು. ಹೊಟ್ಟೆಗಿಲ್ಲದ ದೇಹ ರೋಗಾಣುವಿನ ಸುತ್ತ ಕೋಟೆ ಕಟ್ಟಲಾರದು, ಕಟ್ಟಿದ್ದನ್ನು ಉಳಿಸಿಕೊಳ್ಳಲಾರದು.

2019ರಿಂದ 2022ರವರೆಗೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಭಾರ್ಗವರೂ ಸಂಗಡಿಗರೂ 2,800 ರೋಗಿಗಳಿಗೆ ಪ್ರತಿ ತಿಂಗಳೂ ಹತ್ತು ಕಿಲೋದ ಆಹಾರದ ಚೀಲ ಕೊಟ್ಟರು: ಅಕ್ಕಿ, ಕಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಜೊತೆಗೆ ವಿಟಮಿನ್ ಮಾತ್ರೆ. ಅರ್ಧದಷ್ಟು ಕುಟುಂಬಗಳಲ್ಲಿ ಮನೆಯ ಉಳಿದವರಿಗೂ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಈ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದವರು. 2023ರ ಆಗಸ್ಟಿನಲ್ಲಿ ಫಲಿತಾಂಶ ಪ್ರಕಟವಾಯಿತು. ಆಹಾರ ಸಿಕ್ಕ ಕುಟುಂಬಗಳ ಸದಸ್ಯರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಇಳಿದಿತ್ತು. ಬೇರೆಯವರಿಗೆ ಹರಡುವ ಬಗೆಯ ಶ್ವಾಸಕೋಶದ ಕ್ಷಯ ಶೇಕಡಾ 48ರಷ್ಟು ಇಳಿದಿತ್ತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಿಗೆ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು. ಅಕ್ಕಿ ಬೇಳೆ ಲಸಿಕೆಯ ಹಾಗೆ ಕೆಲಸ ಮಾಡಿತ್ತು. ಕ್ಷಯದ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಇಷ್ಟು ತಟ್ಟಿದ ವಿಜ್ಞಾನ ಇನ್ನೊಂದಿಲ್ಲ.

ನಮ್ಮಜ್ಜಿಯ ತಮ್ಮನ ಆ ತಟ್ಟೆಗೆ ಏನು ಬೀಳುತ್ತಿತ್ತು? ಪಥ್ಯ. ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ, ಮೊಸರು ಕಫ, ಎಣ್ಣೆ ಕೆಮ್ಮಿಗಾಗದು. ಉಳಿಯುತ್ತಿದ್ದದ್ದು ಗಂಜಿ, ಮೇಲೊಂದು ಚೂರು ಉಪ್ಪಿನಕಾಯಿ. ಈಗಲೂ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ, ಪ್ರೀತಿಯಿಂದಲೇ ನಡೆಯುತ್ತದೆ. ಕ್ಷಯದವರಿಗೆ ಪಥ್ಯವಿಲ್ಲ. ಹೆಂಡ, ತಂಬಾಕು ಬಿಡಬೇಕು. ಸಕ್ಕರೆ ಕಾಯಿಲೆ ಇದ್ದವರು ಅದರ ಊಟದ ನಿಯಮ ಪಾಲಿಸಬೇಕು. ಉಳಿದಂತೆ ಮುದ್ದೆ, ಕಾಳಿನ ಸಾರು, ಬೇಳೆ, ಕಡಲೆಕಾಯಿ, ಮೊಟ್ಟೆ, ಮೀನು, ಹಾಲು, ಮೊಸರು ಮನೆಗೆ ಎಟುಕಿದ್ದೆಲ್ಲ ಆಗುತ್ತದೆ. ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ ₹500 ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು ₹1,000 ಆಗಿದೆ. ಹಣ ಬರುವುದು ರೋಗಿಯ ಬ್ಯಾಂಕ್ ಖಾತೆಗೆ. ಖಾತೆ ಇಲ್ಲದ ಹೆಣ್ಣುಮಕ್ಕಳಿಗೆ ಮೊದಲ ವಾರದಲ್ಲೇ ಅದನ್ನು ಮಾಡಿಸಿಕೊಡುವುದೂ ಚಿಕಿತ್ಸೆಯ ಭಾಗ ಎಂದೇ ನಾನು ಭಾವಿಸುತ್ತೇನೆ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ಗಂಡನಿಗೆ ಕ್ಷಯ ಬಂದರೆ ಹೆಂಡತಿ ಆರೈಕೆ ಮಾಡುತ್ತಾಳೆ. ಹೆಂಡತಿಗೆ ಬಂದರೆ ಅವಳನ್ನು ತವರಿಗೆ ಕಳಿಸಿಬಿಡುವ ಮನೆಗಳು ಇಂದಿಗೂ ಇವೆ. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿ ಮಾತ್ರೆಯ ಹಾಳೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ. ಮದುವೆಯಾಗಬಹುದೇ? ಆಗಬಹುದು. ಮಕ್ಕಳಾಗುತ್ತವೆಯೇ? ಶ್ವಾಸಕೋಶದ ಕ್ಷಯ ಗುಣವಾದವರಿಗೆ ಅದರಿಂದ ಅಡ್ಡಿಯಿಲ್ಲ. ಗರ್ಭಿಣಿಯಾಗಿದ್ದಾಗ ರೋಗ ಪತ್ತೆಯಾದರೆ ಚಿಕಿತ್ಸೆ ಮುಂದೂಡಬಾರದು. ಮಾತ್ರೆಗಿಂತ ಚಿಕಿತ್ಸೆ ಇಲ್ಲದ ಕ್ಷಯವೇ ಮಗುವಿಗೆ ಹೆಚ್ಚು ಅಪಾಯ. ಬಾಣಂತಿ ಎದೆಹಾಲು ಕೊಡಬಹುದು, ಕೊಡಲೇಬೇಕು. ಹಾಲಿನಲ್ಲಿ ರೋಗಾಣು ಹೋಗುವುದಿಲ್ಲ. ಕೆಮ್ಮಿರುವಷ್ಟು ದಿನ ಮಾಸ್ಕ್ ಹಾಕಿಕೊಂಡು ಹಾಲೂಡಿಸಿದರೆ ಸಾಕು. ಮಗುವಿಗೂ ಮನೆಯ ಉಳಿದವರಿಗೂ ರೋಗ ಇಲ್ಲವೆಂದು ನೋಡಿ, ಮುಂದೆ ಬಾರದಿರಲು ಮಾತ್ರೆ ಕೊಡುತ್ತಾರೆ. ಒಂದು ಬಗೆಯಲ್ಲಿ ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ನುಂಗಿದರೆ ಮುಗಿಯಿತು. ಚೆನ್ನಾಗಿರುವವರಿಗೆ ಮಾತ್ರೆ ಯಾಕೆ ಎಂದು ಬೇಡವೆನ್ನುವವರು ಬಹಳ. ಒಳಗೆ ಮಲಗಿರುವ ರೋಗಾಣುವಿಗೆ ಅದು.

2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂತು, ಹನ್ನೆರಡೂವರೆ ಲಕ್ಷ ಜನ ತೀರಿಕೊಂಡರು. ಹೊಸ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ನಮ್ಮ ದೇಶದವರು. ಔಷಧಿ ಸಿಕ್ಕು ಎಂಬತ್ತು ವರ್ಷ ಕಳೆದಿದೆ.

‘ಮತ್ತೆ ಬರುತ್ತದೆಯೇ?’ ಎಂಬುದು ಕೊನೆಯ ಮಾತ್ರೆಯ ದಿನದ ಪ್ರಶ್ನೆ. ಪೂರ್ತಿ ಮಾತ್ರೆ ತೆಗೆದುಕೊಂಡ ಬಹುಪಾಲು ಜನರಿಗೆ ಮರಳುವುದಿಲ್ಲ. ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಗಾಯವಾಗಿದ್ದ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತದೆ, ಎಕ್ಸ್-ರೇಯಲ್ಲಿ ಅದು ಕಡೆಯವರೆಗೂ ಕಾಣಬಹುದು. ಕೆಲವರಿಗೆ ಮಹಡಿ ಹತ್ತುವಾಗ ಏದುಸಿರು ಬರುತ್ತದೆ. ಅದು ರೋಗ ಉಳಿದಿದೆ ಎಂಬ ಸೂಚನೆಯಲ್ಲ, ಆದರೆ ವೈದ್ಯರಿಗೆ ಹೇಳಬೇಕಾದ ಮಾತು. ಮಾತ್ರೆ ಮುಗಿದು 6, 12, 18 ಮತ್ತು 24 ತಿಂಗಳಾದಾಗ ಒಮ್ಮೊಮ್ಮೆ ಕೇಂದ್ರಕ್ಕೆ ಹೋಗಿ, ಕೆಮ್ಮು ಜ್ವರ ಇದ್ದರೆ ಕಫ ಕೊಟ್ಟು, ತೂಕದ ಯಂತ್ರದ ಮೇಲೆ ನಿಂತು, ಹಿಂದಿನ ಸಲದ ತೂಕದ ಜೊತೆ ಹೋಲಿಸಿ ನೋಡಿಕೊಂಡು ಬರಬೇಕು.